ಕೆಂಡಕ್ಕೆ ನೀರು ಕುಡಿಸುವ ವಿದ್ಯೆ

ನೀರಿಗೂ ಬೆಂಕಿಗೂ ಹುಟ್ಟು ಹಗೆ ಎಂಬುದು ಲೋಕರೂಢಿಯ ಮಾತು. ಹಸಿ ಸೌದೆ ಇಟ್ಟ ಒಲೆ ಹೊಗೆಯುಗುಳುತ್ತದೆ; ಕೊಡ ನೀರು ಸುರಿದ ಕೆಂಡ ಕರಿಯ ಇದ್ದಲಾಗುತ್ತದೆ. ಇದರಲ್ಲಿ ಸಂಶಯಕ್ಕೆ ಎಡೆಯಿಲ್ಲ. ಆದರೆ ಕಮ್ಮಾರನ ಕುಲುಮೆಯ ಮುಂದೆ ನಿಂತು ನೋಡಿದವರಿಗೆ ಇನ್ನೊಂದು ಸಂಗತಿಯೂ ಗೊತ್ತುಂಟು. ತಿದಿಯ ಗಾಳಿಗೆ ಇದ್ದಲು ಚೆನ್ನಾಗಿ ಕಾದಿರುವಾಗ ಅವನು ಅದರ ಮೇಲೆ ಒಂದಿಷ್ಟು ನೀರು ಚಿಮುಕಿಸುತ್ತಾನೆ. ಚುರ್ರೆಂಬ ಸದ್ದು ಕೇಳಿಸುತ್ತದೆ. ಬಳಿಕ ಕೆಂಡದ ಮೇಲೆ ಹೊಸದೊಂದು ಜ್ವಾಲೆ ಆಡುತ್ತದೆ. ಕೊಡ ನೀರಿಗೆ ಸಾಯುವ ಬೆಂಕಿ ಬೊಗಸೆ ನೀರಿಗೆ ಏಕೆ ಚಿಗುರಬೇಕು? ಈ ಸಣ್ಣ ಪ್ರಶ್ನೆಯ ಬೆನ್ನು ಹತ್ತಿ ಹೋದರೆ, ಸೌದೆ ಸಿಪ್ಪೆಗಳಿಂದ ಉರಿಯುವ ಅನಿಲವನ್ನು ತೆಗೆಯುವ ಇಡೀ ವಿದ್ಯೆಯ ಬಾಗಿಲು ತೆರೆಯುತ್ತದೆ.

ಈ ವಿಷಯ ನಮ್ಮ ಮಂಡ್ಯ ಸೀಮೆಯವರಿಗೆ ದೂರದ ಮಾತಲ್ಲ. ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಹೊಲಗದ್ದೆಗಳಲ್ಲಿ ಕಬ್ಬು ಕಡಿದ ಮೇಲೆ ಉಳಿಯುವ ತರಗು, ತೆಂಗಿನ ತೋಟದಲ್ಲಿ ಬೀಳುವ ಗರಿ, ಮಟ್ಟೆ, ಚಿಪ್ಪು, ಹಿಪ್ಪುನೇರಳೆಯ ಕಡ್ಡಿ, ಆಲೆಮನೆಯ ಸಿಪ್ಪೆ, ಇವೆಲ್ಲ ಸೂರ್ಯನ ಬಿಸಿಲನ್ನು ಹಿಡಿದಿಟ್ಟುಕೊಂಡ ಸಸ್ಯದ್ರವ್ಯ. ವಿಜ್ಞಾನಿಗಳು ಇದನ್ನು ಬಯೋಮಾಸ್ ಎನ್ನುತ್ತಾರೆ. ಆತಗೂರು ಹೋಬಳಿಯ ಯಾವ ಹಳ್ಳಿಗೆ ಹೋದರೂ ಈ ಸರಕು ಒಂದಲ್ಲ ಒಂದು ರೂಪದಲ್ಲಿ ಕಣ್ಣಿಗೆ ಬೀಳುತ್ತದೆ. ಕೆಲವು ಒಲೆಗೆ ಹೋಗುತ್ತದೆ, ಕೆಲವು ಗೊಬ್ಬರವಾಗುತ್ತದೆ, ಕೂಳೆ ಬೆಳೆಗೆ ಗದ್ದೆ ಸಿದ್ಧಮಾಡುವ ಅವಸರದಲ್ಲಿ ಬಹಳಷ್ಟು ತರಗು ಅಲ್ಲಿಯೇ ಬೆಂಕಿಗೆ ಆಹುತಿಯಾಗುತ್ತದೆ. ಹೀಗೆ ಹೋಗುವುದರಲ್ಲಿ ಒಂದು ಪಾಲನ್ನು ಶಕ್ತಿಯಾಗಿ ಮಾಡಿಕೊಳ್ಳಬಹುದು ಎಂಬುದು ಎಲ್ಲರೂ ಆಡುವ ಮಾತು. ಆದರೆ ಆ ಶಕ್ತಿ ಎಷ್ಟು ಸಿಕ್ಕೀತು, ಸಿಕ್ಕೀತೇ ಇಲ್ಲವೇ ಎಂಬುದನ್ನು ನಿಶ್ಚಯಿಸುವುದು ಅದರೊಳಗಿನ ನೀರು ಎಂಬುದನ್ನು ಹೇಳುವವರು ಕಡಮೆ. ನೀರು ಇಲ್ಲಿ ಕೆಲವೊಮ್ಮೆ ಕಳ್ಳ, ಕೆಲವೊಮ್ಮೆ ಕೂಲಿಯಾಳು. ಯಾವಾಗ ಯಾವುದು ಎಂಬುದನ್ನು ಕಾವು ಮತ್ತು ಒತ್ತಡಗಳೆಂಬ ಇಬ್ಬರು ಯಜಮಾನರು ತೀರ್ಮಾನಿಸುತ್ತಾರೆ.

ಮೊದಲು ಅನಿಲೀಕರಣವೆಂದರೆ ಏನೆಂಬುದನ್ನು ನೋಡೋಣ. ಸೌದೆ ಉರಿಯುವಾಗ ನಾವು ಕಾಣುವ ಜ್ವಾಲೆ ಸೌದೆಯ ಜ್ವಾಲೆಯಲ್ಲ, ಸೌದೆಯಿಂದ ಹೊರಟ ಅನಿಲದ ಜ್ವಾಲೆ. ಕಾವು ತಗುಲಿದೊಡನೆ ಸೌದೆ ತನ್ನ ತೇವವನ್ನು ಬಿಡುತ್ತದೆ. ಆಮೇಲೆ ಒಡೆದು ಹೊಗೆ, ಆವಿ, ಡಾಂಬರಿನಂಥ ಅಂಟುದ್ರವ್ಯಗಳನ್ನು ಉಗುಳುತ್ತದೆ. ಕೊನೆಗೆ ಇದ್ದಲು ಉಳಿಯುತ್ತದೆ. ಒಲೆಯಲ್ಲಿ ಗಾಳಿಗೆ ಬರವಿಲ್ಲವಾದ್ದರಿಂದ ಇವೆಲ್ಲವೂ ಅಲ್ಲಿಯೇ ಉರಿದುಹೋಗುತ್ತವೆ. ಗ್ಯಾಸಿಫೈಯರ್ ಎಂಬ ಯಂತ್ರದಲ್ಲಾದರೋ ಬೇಕೆಂದೇ ಗಾಳಿಯನ್ನು ಅಳೆದು ಕೊಡುತ್ತಾರೆ. ಪೂರ್ತಿ ಉರಿಯಲು ಬೇಕಾದ ಗಾಳಿಯಲ್ಲಿ ಕಾಲುಭಾಗಕ್ಕೆ ಸ್ವಲ್ಪ ಹೆಚ್ಚು, ಅಷ್ಟೇ. ಅದರಿಂದ ಇಂಧನದ ಒಂದು ಪಾಲು ಉರಿದು ಕಾವು ಕೊಡುತ್ತದೆ. ಉಳಿದ ಪಾಲು ಆ ಕಾವಿನಲ್ಲಿ ಉರಿಯಬಲ್ಲ ಅನಿಲವಾಗಿ ಹೊರಬರುತ್ತದೆ. ಒಣ ಸೌದೆಯಿಂದ ಹೀಗೆ ಬರುವ ಅನಿಲದ ನೂರು ಪಾಲಿನಲ್ಲಿ ಸುಮಾರು 20 ಪಾಲು ಇಂಗಾಲದ ಮಾನಾಕ್ಸೈಡ್, ಅಷ್ಟೇ ಸುಮಾರು ಜಲಜನಕ, ಒಂದೆರಡು ಪಾಲು ಮೀಥೇನ್ ಇರುತ್ತವೆ. ಮಿಕ್ಕದ್ದು ಇಂಗಾಲದ ಡೈ ಆಕ್ಸೈಡ್ ಮತ್ತು ಗಾಳಿಯೊಡನೆ ಬಂದ ಸಾರಜನಕ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದಿದ್ದಾಗ ಮೈಸೂರು ಸಂಸ್ಥಾನದ ರಸ್ತೆಗಳಲ್ಲಿ ಬಸ್ಸುಗಳನ್ನು ಓಡಿಸಿದ್ದು ಇಂಥ ಅನಿಲವೇ. ಬಸ್ಸಿನ ಹಿಂಬದಿಯಲ್ಲಿ ಕೊಳವೆಯಾಕಾರದ ದೊಡ್ಡ ಒಲೆ. ಅದಕ್ಕೆ ಇದ್ದಲು ತುಂಬಿ, ಚಕ್ರ ತಿರುಗಿಸಿ ಗಾಳಿ ಊದಿ, ಹೊರಡುವ ಮುನ್ನ ಬಹಳ ಹೊತ್ತು ಕಾಯಿಸಬೇಕಾಗಿತ್ತಂತೆ. ಯುದ್ಧಕಾಲದ ಇಂಥ ಕೆಲವು ಯಂತ್ರಗಳಲ್ಲಿ ಗಾಳಿಯ ಜೊತೆಗೆ ತೊಟ್ಟು ತೊಟ್ಟಾಗಿ ನೀರನ್ನೂ ಬಿಡುವ ಏರ್ಪಾಡು ಇರುತ್ತಿತ್ತು. ಇದ್ದಲು ಒಣಗಿದ್ದು, ಬೆಂಕಿ ತೀರ ಬಿಸಿಯಾಗಿದ್ದಾಗ ಆ ತೊಟ್ಟು ನೀರು ಅನಿಲದ ಕಸುವನ್ನು ಹೆಚ್ಚಿಸುತ್ತಿತ್ತು. ಒಲೆಯ ಕಬ್ಬಿಣ ಸುಟ್ಟುಹೋಗದಂತೆ ಕಾಪಾಡುತ್ತಲೂ ಇತ್ತು. ಕಮ್ಮಾರನ ಬೊಗಸೆ ನೀರೂ ಈ ಬಸ್ಸಿನ ತೊಟ್ಟು ನೀರೂ ಒಂದೇ ಜಾತಿಯವು.

ಯುದ್ಧ ಮುಗಿದು ಪೆಟ್ರೋಲು ಬಂದ ಮೇಲೆ ಈ ವಿದ್ಯೆ ಮೂಲೆಗೆ ಸೇರಿತು. ಅದಕ್ಕೆ ಮರುಜೀವ ಬಂದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಹಳ್ಳಿಗಳಿಗೆ ಒಪ್ಪುವ ತಂತ್ರಜ್ಞಾನಕ್ಕಾಗಿ ಅಲ್ಲಿ 1974ರಲ್ಲಿ ಪ್ರೊಫೆಸರ್ ಎ. ಕೆ. ಎನ್. ರೆಡ್ಡಿಯವರ ಮುಂದಾಳುತನದಲ್ಲಿ 'ಅಸ್ತ್ರ' ಎಂಬ ಕೇಂದ್ರ ಹುಟ್ಟಿತು. ಪ್ರೊಫೆಸರ್ ಎಚ್. ಎಸ್. ಮುಕುಂದ, ಪ್ರೊಫೆಸರ್ ಎಸ್. ದಾಸಪ್ಪ ಮೊದಲಾದವರು ಬಾಯಿ ತೆರೆದಿರುವ ಮಾದರಿಯ ಗ್ಯಾಸಿಫೈಯರನ್ನು ಬೆಳೆಸಿದರು. ಮೇಲಿನಿಂದಲೂ ಪಕ್ಕದ ಕೊಳವೆಗಳಿಂದಲೂ ಗಾಳಿ ಹೊಕ್ಕು, ಅನಿಲವು ಕೆಂಡದ ಉದ್ದನೆಯ ಹಾಸನ್ನು ಹಾದು ಕೆಳಗಿಳಿಯುವಂತೆ ಅದನ್ನು ಕಟ್ಟಿದ್ದಾರೆ. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿ ಎಂಬ, ಅಲ್ಲಿಯತನಕ ವಿದ್ಯುತ್ತನ್ನೇ ಕಾಣದಿದ್ದ ಸಣ್ಣ ಊರಿನಲ್ಲಿ 1988ರಲ್ಲಿ ಇಂಥ ಅನಿಲದಿಂದ ಯಂತ್ರ ನಡೆಸಿ ದೀಪ ಹೊತ್ತಿಸಿದರು. ಮುಂದೆ ಕುಡಿಯುವ ನೀರಿನ ಪಂಪೂ ಹಿಟ್ಟಿನ ಗಿರಣಿಯೂ ಅದರಿಂದಲೇ ನಡೆದವು. ಸೌದೆಗಾಗಿ ಊರಿನ ಬಳಿಯೇ ತೋಪನ್ನು ಬೆಳೆಸಿದರು. ಹತ್ತು ವರ್ಷಕ್ಕೂ ಮೇಲ್ಪಟ್ಟು ಆ ಯಂತ್ರ ಹಳ್ಳಿಗರ ಕೈಯಲ್ಲಿ ದುಡಿಯಿತು.

ಇನ್ನು ನೀರಿನ ಮಾತಿಗೆ ಬರೋಣ. ಕೆಂಡದ ಹಾಸಿನೊಳಗೆ ನೀರಾವಿ ಮಾಡುವ ಕೆಲಸಗಳಲ್ಲಿ ಎರಡು ಮುಖ್ಯ. ಮೊದಲನೆಯದು, ಆವಿಯು ನೇರವಾಗಿ ಇದ್ದಲಿನ ಮೇಲೆ ಬೀಳುವುದು. ಇದ್ದಲಿನ ಇಂಗಾಲವು ನೀರಿನಲ್ಲಿರುವ ಆಮ್ಲಜನಕವನ್ನು ಕಿತ್ತುಕೊಂಡು ತಾನು ಮಾನಾಕ್ಸೈಡ್ ಆಗುತ್ತದೆ. ಒಂಟಿಯಾದ ಜಲಜನಕ ಹೊರಬೀಳುತ್ತದೆ. 12 ಗ್ರಾಂ ಇಂಗಾಲ, 18 ಗ್ರಾಂ ನೀರಾವಿ ಕೂಡಿ 28 ಗ್ರಾಂ ಮಾನಾಕ್ಸೈಡ್, 2 ಗ್ರಾಂ ಜಲಜನಕ ಆಗುವುದು ಇದರ ಲೆಕ್ಕ. ಎರಡನೆಯದು, ಹೀಗೆ ಹುಟ್ಟಿದ ಮಾನಾಕ್ಸೈಡ್ ಇನ್ನಷ್ಟು ಆವಿಯೊಡನೆ ಸೇರಿ ಡೈ ಆಕ್ಸೈಡ್ ಆಗಿ, ಮತ್ತೆ 2 ಗ್ರಾಂ ಜಲಜನಕವನ್ನು ಬಿಡುವುದು. ಮೊದಲನೆಯದನ್ನು ಇದ್ದಲು-ಆವಿಯ ಕ್ರಿಯೆ ಎನ್ನೋಣ. ಎರಡನೆಯದನ್ನು ಪಲ್ಲಟಕ್ರಿಯೆ ಎನ್ನೋಣ, ಏಕೆಂದರೆ ಇಲ್ಲಿ ಆಮ್ಲಜನಕವು ನೀರಿನ ಮನೆಯಿಂದ ಇಂಗಾಲದ ಮನೆಗೆ ಪಲ್ಲಟವಾಗುತ್ತದೆ. ಕಾದ ಇದ್ದಲಿನ ಮೇಲೆ ಆವಿ ಹಾಯಿಸಿದರೆ ಉರಿಯುವ ಅನಿಲ ಬರುತ್ತದೆಂಬುದನ್ನು ಇಟಲಿಯ ಫೆಲಿಚೆ ಫೊಂಟಾನ 1780ರಲ್ಲಿಯೇ ಕಂಡಿದ್ದನು.

ಭಾಷೆಯ ಪಾಠ ಹೇಳುವವನಾದ್ದರಿಂದ ಇಲ್ಲಿ ಒಂದು ಮಾತು. ನಮ್ಮವರು ಹೈಡ್ರೋಜನ್ನಿಗೆ ಜಲಜನಕವೆಂದು ಹೆಸರಿಟ್ಟರು. ನೀರನ್ನು ಹುಟ್ಟಿಸುವಂಥದು ಎಂದು ಅರ್ಥ. ಅದು ಉರಿದಾಗ ನೀರಾಗುವುದರಿಂದ ಹೆಸರು ಒಪ್ಪುತ್ತದೆ. ಗ್ಯಾಸಿಫೈಯರಿನ ಕೆಂಡದಲ್ಲಿ ಮಾತ್ರ ಈ ವಂಶಾವಳಿ ತಿರುವುಮುರುವಾಗುತ್ತದೆ. ಜಲವೇ ಜನಕ, ಜಲಜನಕವೇ ಅದರ ಕೂಸು! ಆದರೆ ಯಾವ ಹೆರಿಗೆಯೂ ಬಿಟ್ಟಿಯಾಗಿ ಆಗುವುದಿಲ್ಲ. ನೀರಿನಲ್ಲಿ ಜಲಜನಕ ಆಮ್ಲಜನಕಗಳ ಕೂಟ ಬಹು ಬಿಗಿಯಾದದ್ದು. ಅದನ್ನು ಬಿಡಿಸಲು ಬೆಲೆ ತೆರಬೇಕು. ಆ ಬೆಲೆಯ ಹೆಸರೇ ಕಾವು.

ಎಷ್ಟು ಬೆಲೆ? ಮೇಲಿನ ಮೊದಲ ಲೆಕ್ಕದಲ್ಲಿ 12 ಗ್ರಾಂ ಇಂಗಾಲವು ಆವಿಯೊಡನೆ ಕೂಡುವಾಗ ಸುಮಾರು 31 ಕಿಲೋಕ್ಯಾಲೊರಿಯಷ್ಟು ಶಾಖವನ್ನು ಸುತ್ತಲಿನ ಕೆಂಡದಿಂದ ಹೀರಿಕೊಳ್ಳುತ್ತದೆ. ಆದ್ದರಿಂದಲೇ ಆವಿ ಹೊಕ್ಕಂತೆ ಕೆಂಡ ತಣ್ಣಗಾಗುತ್ತ ಬರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕ, ಯೂರೋಪುಗಳ ಪಟ್ಟಣಗಳಿಗೆ ದೀಪದ ಅನಿಲ ತಯಾರಿಸುತ್ತಿದ್ದವರಿಗೆ ಇದು ದೊಡ್ಡ ತೊಡಕಾಗಿತ್ತು. ಅವರು ಕಂಡುಕೊಂಡ ಉಪಾಯ ಸರದಿಯದು. ಕೆಲವು ನಿಮಿಷ ಬರಿಯ ಗಾಳಿ ಊದಿ ಇದ್ದಲನ್ನು ಬೆಳ್ಳಗೆ ಕಾಯಿಸುವುದು. ಆಮೇಲೆ ಗಾಳಿ ನಿಲ್ಲಿಸಿ ಕೆಲವು ನಿಮಿಷ ಆವಿ ಬಿಡುವುದು. ಕೆಂಡ ಕಳೆಗುಂದಿದೊಡನೆ ಮತ್ತೆ ಗಾಳಿ. ಕೆಂಡಕ್ಕೆ ಊಟವಿಟ್ಟು ದುಡಿಸಿ, ದಣಿದಾಗ ಮತ್ತೆ ಊಟವಿಟ್ಟಂತೆ.

ಈ ಮೊದಲ ಕ್ರಿಯೆಗೆ ಕಾವು ಹೆಚ್ಚಿದಷ್ಟೂ ಹಬ್ಬ. ಸುಮಾರು 700 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗೆ ಆವಿ ಇದ್ದಲಿನ ಪಕ್ಕದಲ್ಲೇ ಹಾದುಹೋದರೂ ಅಪರಿಚಿತರಂತೆ ಇಬ್ಬರೂ ಮುಖ ತಿರುಗಿಸುತ್ತಾರೆ. 800 ದಾಟಿದ ಮೇಲೆ ಕೂಟ ಚುರುಕಾಗುತ್ತದೆ. 900ರ ಮೇಲೆ ಇನ್ನೂ ಚುರುಕು. ಕಾವು ಇಲ್ಲಿ ಎರಡು ಕೆಲಸ ಮಾಡುತ್ತದೆ ಎಂಬುದನ್ನು ಗಮನಿಸಬೇಕು. ಒಂದು, ಕ್ರಿಯೆಯ ವೇಗವನ್ನು ಹೆಚ್ಚಿಸುವುದು. ಇನ್ನೊಂದು, ಆ ಕ್ರಿಯೆ ಎಲ್ಲಿಯ ತನಕ ಮುಂದುವರಿಯಬಹುದು ಎಂಬ ಗಡಿಯನ್ನು ಆಚೆಗೆ ಸರಿಸುವುದು. ಶಾಖ ಬೇಡುವ ಕ್ರಿಯೆಗೆ ಶಾಖ ಕೊಟ್ಟರೆ ಅದು ಮುಂದೆ ಹೋಗುತ್ತದೆ. ಕಿತ್ತುಕೊಂಡರೆ ಹಿಂದೆ ಸರಿಯುತ್ತದೆ.

ಪಲ್ಲಟಕ್ರಿಯೆಯ ಸ್ವಭಾವ ಇದಕ್ಕೆ ವಿರುದ್ಧ. ಅದು ಶಾಖವನ್ನು ಬೇಡುವುದಿಲ್ಲ. ತಾನೇ ಸುಮಾರು 10 ಕಿಲೋಕ್ಯಾಲೊರಿ ಹೊರಗೆ ಬಿಡುತ್ತದೆ. ಅದರಿಂದ ಕಾವು ಹೆಚ್ಚಿದಂತೆ ಅದಕ್ಕೆ ಮುಂದುವರಿಯುವ ಮನಸ್ಸು ಕಡಮೆ. ಸುಮಾರು 820 ಡಿಗ್ರಿಯ ಬಳಿ ತಕ್ಕಡಿಯ ಎರಡು ತಟ್ಟೆಗಳೂ ಸಮನಾಗುತ್ತವೆ. ಅದಕ್ಕಿಂತ ಕೆಳಗೆ ಜಲಜನಕದ ಕಡೆ ತೂಕ. ಮೇಲೆ ಮಾನಾಕ್ಸೈಡಿನ ಕಡೆ ತೂಕ. ಹಾಗಾದರೆ ತಂಪಾಗಿಟ್ಟು ಜಲಜನಕವನ್ನೇ ಹೆಚ್ಚು ಪಡೆಯಬಹುದಲ್ಲ ಎಂದರೆ, ತಂಪಿನಲ್ಲಿ ಈ ಕ್ರಿಯೆಗೆ ಮನಸ್ಸಿದ್ದರೂ ಕಾಲಿಗೆ ಬಲವಿಲ್ಲ. ಅನಿಲವನ್ನು ಬೇಗನೆ ತಣಿಸಿದರೆ ಅದರ ಪಾಕ ಇದ್ದಲ್ಲಿಯೇ ನಿಂತುಬಿಡುತ್ತದೆ.

ಈ ಇಕ್ಕಟ್ಟಿಗೆ ರಸಾಯನಶಾಸ್ತ್ರಜ್ಞರು ಕೊಟ್ಟ ಉತ್ತರ ಆಲೆಮನೆಯವರಿಗೆ ಬೇಗ ಅರ್ಥವಾದೀತು. ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕುದಿಸುವಾಗ ಬೆಂಕಿ ಜೋರಾಗಿರಬೇಕು. ಆದರೆ ಪಾಕ ಬಂದ ಮೇಲೆ ಬೆಲ್ಲವನ್ನು ಅಚ್ಚಿಗೆ ಹಾಕಲು ಕೆಳಗಿಳಿಸಿ ಆರಿಸಬೇಕು. ಎರಡೂ ಕೆಲಸ ಒಂದೇ ಒಲೆಯ ಮೇಲೆ ಆಗುವುದಿಲ್ಲ. ಹಾಗೆಯೇ ಮೊದಲು ಉರಿಯುವ ಕೆಂಡದಲ್ಲಿ ಅನಿಲ ತೆಗೆದು, ಆಮೇಲೆ ಅದನ್ನು 350ರಿಂದ 450 ಡಿಗ್ರಿಗೆ ಇಳಿಸಿ, ಕಬ್ಬಿಣದ ಆಕ್ಸೈಡಿನ ಹರಳುಗಳ ಮೇಲೆ ಆವಿಯೊಡನೆ ಹಾಯಿಸುತ್ತಾರೆ. ಇನ್ನೂ ತಂಪಿನಲ್ಲಿ, 200 ಡಿಗ್ರಿಯ ಸುತ್ತಮುತ್ತ, ತಾಮ್ರ ಬೆರೆತ ಹರಳುಗಳು ಅದೇ ಕೆಲಸ ಮಾಡುತ್ತವೆ. ಇವು ತಾವು ಸವೆಯದೆ ಕ್ರಿಯೆಯ ವೇಗವನ್ನು ಹೆಚ್ಚಿಸುವ ದ್ರವ್ಯಗಳು. ವೇಗವರ್ಧಕಗಳೆಂದು ಅವಕ್ಕೆ ಹೆಸರು. ರಸಗೊಬ್ಬರಕ್ಕೆ ಬೇಕಾದ ಅಮೋನಿಯವನ್ನು ಮಾಡುವ ಕಾರ್ಖಾನೆಗಳು ಇಪ್ಪತ್ತನೆಯ ಶತಮಾನದ ಆರಂಭದಿಂದಲೂ ಜಲಜನಕಕ್ಕಾಗಿ ಈ ದಾರಿಯನ್ನೇ ಹಿಡಿದಿವೆ.

ಇಲ್ಲಿ ಒಂದು ಸಂದೇಹ ಬರಬಹುದು. ನೀರಿನಿಂದ ಇಷ್ಟು ಉಪಕಾರವಿದ್ದರೆ ಸೌದೆಯನ್ನು ಒಣಗಿಸುವುದೇಕೆ? ಹಸಿಯದನ್ನೇ ಹಾಕಿದರೆ ನೀರೂ ಬಂತು, ಸೌದೆಯೂ ಬಂತಲ್ಲವೇ? ಇದಕ್ಕೆ ಲೆಕ್ಕದಿಂದಲೇ ಉತ್ತರ ಹೇಳಬೇಕು. ಒಂದು ಗ್ರಾಂ ನೀರನ್ನು 25 ಡಿಗ್ರಿಯಿಂದ 100ಕ್ಕೆ ಏರಿಸಲು 75 ಕ್ಯಾಲೊರಿ. ಅಲ್ಲಿಂದ ಆವಿಯಾಗಿಸಲು ಇನ್ನೂ 540 ಕ್ಯಾಲೊರಿ. ಆ ಆವಿಯನ್ನು 800 ಡಿಗ್ರಿಗೆ ಕಾಯಿಸಲು ಸುಮಾರು 350 ಕ್ಯಾಲೊರಿ. ಇಷ್ಟು ಖರ್ಚಾದರೂ ನೀರು ಇನ್ನೂ ಒಂದು ಕಣದಷ್ಟು ಜಲಜನಕವನ್ನೂ ಕೊಟ್ಟಿರುವುದಿಲ್ಲ. ಕೆಲಸದ ಜಾಗಕ್ಕೆ ಬಂದು ನಿಂತಿರುತ್ತದೆ ಅಷ್ಟೇ.

ಈಗ ಒಂದು ಕಿಲೋ ಹಸಿ ಸರಕನ್ನು ತೆಗೆದುಕೊಳ್ಳಿ. ಅದರಲ್ಲಿ ಅರ್ಧ ನೀರು. ಗಾಣದಿಂದ ಆಗ ತಾನೇ ಬಂದ ಕಬ್ಬಿನ ಸಿಪ್ಪೆಯಲ್ಲಿ ಹೆಚ್ಚು ಕಡಮೆ ಇಷ್ಟೇ ತೇವವಿರುತ್ತದೆ. ಉಳಿದ 500 ಗ್ರಾಂ ಒಣ ದ್ರವ್ಯದಲ್ಲಿ ಇರುವ ಶಾಖ ಸುಮಾರು 2,150 ಕಿಲೋಕ್ಯಾಲೊರಿ. ನೀರನ್ನು 800 ಡಿಗ್ರಿಯ ಆವಿಯಾಗಿಸಲು ಬೇಕಾದದ್ದು ಸುಮಾರು 480. ಎಂದರೆ ಐದರಲ್ಲಿ ಒಂದಕ್ಕಿಂತ ಹೆಚ್ಚು ಪಾಲು ಬಾಗಿಲಲ್ಲೇ ಸುಂಕವಾಗಿ ಹೋಯಿತು. ಅದೇ ಸರಕನ್ನು ಬಿಸಿಲಿಗೆ ಹರಡಿ ತೇವವನ್ನು ನೂರಕ್ಕೆ 15ಕ್ಕೆ ಇಳಿಸಿದರೆ? ಒಂದು ಕಿಲೋದಲ್ಲಿ 850 ಗ್ರಾಂ ಒಣ ದ್ರವ್ಯ. ಅದರ ಶಾಖ ಸುಮಾರು 3,650 ಕಿಲೋಕ್ಯಾಲೊರಿ. ನೀರಿನ ಸುಂಕ 145ರ ಸುಮಾರು. ಇಪ್ಪತ್ತೈದರಲ್ಲಿ ಒಂದು ಪಾಲು ಮಾತ್ರ. ಆಲೆಮನೆಯ ಅಂಗಳದಲ್ಲಿ ಸಿಪ್ಪೆಯನ್ನು ಒಣಹಾಕುವ ಹಿರಿಯರು ಈ ಗಣಿತವನ್ನು ಕೈಯಿಂದಲೇ ಕಲಿತಿದ್ದರು.

ಸುಂಕ ಹೋದರೆ ಹೋಗಲಿ ಎನ್ನುವಂತೆಯೂ ಇಲ್ಲ. ತೇವ ಹೆಚ್ಚಾದರೆ ಕೆಂಡದ ಹಾಸಿನ ಉಷ್ಣತೆಯೇ ಕುಸಿಯುತ್ತದೆ. 700 ಡಿಗ್ರಿಗಿಂತ ಕೆಳಗಿಳಿದ ಕೆಂಡದ ಮುಂದೆ ಆವಿ ಎಷ್ಟಿದ್ದರೂ ಅದು ನಿರುದ್ಯೋಗಿ. ಹೇಗೆ ಒಳಗೆ ಬಂತೋ ಹಾಗೆಯೇ ಹೊರಗೆ ಹೋಗುತ್ತದೆ. ಅದಕ್ಕಿಂತ ಕೆಡುಕು, ಸೌದೆಯಿಂದ ಹೊರಟ ಡಾಂಬರಿನ ಹಬೆ ಒಡೆಯದೆ ಉಳಿದು, ಯಂತ್ರದ ಕವಾಟಗಳಿಗೆ ಅಂಟಿ, ಎಂಜಿನ್ನನ್ನು ನಿಲ್ಲಿಸುತ್ತದೆ. ಹಳ್ಳಿಗಳ ಸಣ್ಣ ಗ್ಯಾಸಿಫೈಯರುಗಳಿಗೆ ಹಸಿ ಸೌದೆ ಬಹು ದೊಡ್ಡ ಶತ್ರುವಾದದ್ದು ಹೀಗೆ. ಆದ್ದರಿಂದಲೇ ಇಂಧನದ ತೇವ 15 ಪಾಲಿನ ಆಸುಪಾಸಿನಲ್ಲಿರಬೇಕು, 20ನ್ನು ದಾಟಬಾರದು ಎಂದು ಬಲ್ಲವರು ಹೇಳುತ್ತಾರೆ. ಸೌದೆಯೊಳಗೆ ಅಡಗಿ ಬರುವ ನೀರು ಕರೆಯದೆ ಬಂದ ನೆಂಟ. ಅಳೆದು, ಕಾಯಿಸಿ, ಬೇಕಾದ ಜಾಗಕ್ಕೆ ಬಿಡುವ ಆವಿ ಹೇಳಿಕಳುಹಿಸಿದ ಕೆಲಸಗಾರ. ಎರಡೂ ನೀರೇ ಆದರೂ ಫಲ ಒಂದೇ ಅಲ್ಲ.

ಇನ್ನು ಒತ್ತಡದ ಕಥೆ. ಒತ್ತಡವೆಂದೊಡನೆ ಮನೆಯ ಕುಕ್ಕರು ನೆನಪಾಗುವುದು ಸಹಜ. ಕುಕ್ಕರಿನಲ್ಲಿ ಬೇಳೆ ಬೇಗ ಬೇಯುವುದಕ್ಕೆ ಕಾರಣ ಒತ್ತಡದಿಂದ ನೀರಿನ ಕುದಿಯುವ ಬಿಂದು 120 ಡಿಗ್ರಿಯವರೆಗೆ ಏರುವುದು. ಅಲ್ಲಿ ನಿಜವಾಗಿ ಬೇಯಿಸುವುದು ಹೆಚ್ಚಿದ ಕಾವು. ಗ್ಯಾಸಿಫೈಯರಿನಲ್ಲಿ ಕಾವನ್ನು ಕೊಡುವುದು ಬೆಂಕಿ. ಅಲ್ಲಿ ಒತ್ತಡದ ಕೆಲಸವೇ ಬೇರೆ. ಅದನ್ನು ತಿಳಿಯಲು ಫ್ರಾನ್ಸಿನ ಲೆ ಶಾತೆಲಿಯೇ ಎಂಬ ವಿಜ್ಞಾನಿ 1884ರಲ್ಲಿ ಹೇಳಿದ ಸೂತ್ರ ಸಾಕು. ಸಮತೋಲದಲ್ಲಿರುವ ಕ್ರಿಯೆಯನ್ನು ಯಾವ ಕಡೆಯಿಂದ ತಳ್ಳಿದರೂ ಅದು ಆ ತಳ್ಳುವಿಕೆಯನ್ನು ತಗ್ಗಿಸುವ ಕಡೆಗೆ ಸರಿಯುತ್ತದೆ ಎಂಬುದು ಅದರ ತಿರುಳು. ಜಾತ್ರೆಯ ನೂಕುನುಗ್ಗಲಿನಲ್ಲಿ ಕೈ ಬೀಸಿ ನಡೆಯುತ್ತಿದ್ದವನು ಕೈಕಟ್ಟಿಕೊಂಡು ಮೈ ಸಣ್ಣದು ಮಾಡಿಕೊಳ್ಳುವುದಿಲ್ಲವೇ? ಅನಿಲಗಳದೂ ಅದೇ ನಡತೆ. ಒತ್ತಡ ಹೆಚ್ಚಿದರೆ, ಕಡಮೆ ಜಾಗ ಹಿಡಿಯುವ ರೂಪಕ್ಕೆ ಸರಿಯುತ್ತವೆ.

ಇದನ್ನು ನಮ್ಮ ಎರಡು ಕ್ರಿಯೆಗಳಿಗೆ ಹಚ್ಚಿ ನೋಡೋಣ. ಒಂದು ಗುಡಾಣ ಆವಿ ಇದ್ದಲನ್ನು ಹೊಕ್ಕರೆ ಅದೇ ಉಷ್ಣತೆಯಲ್ಲಿ ಎರಡು ಗುಡಾಣ ಅನಿಲ ಹೊರಬರುತ್ತದೆ. ಒಂದು ಮಾನಾಕ್ಸೈಡ್, ಒಂದು ಜಲಜನಕ. ಜಾಗ ಎರಡರಷ್ಟಾಗುವುದರಿಂದ ಒತ್ತಡ ಇದನ್ನು ಸಹಿಸುವುದಿಲ್ಲ. ಕ್ರಿಯೆಯನ್ನು ಹಿಂದಕ್ಕೆ ನೂಕುತ್ತದೆ. ಪಲ್ಲಟಕ್ರಿಯೆಯಲ್ಲಿ ಎರಡು ಗುಡಾಣ ಹೋಗಿ ಎರಡೇ ಬರುತ್ತದೆ. ಅಲ್ಲಿ ಒತ್ತಡಕ್ಕೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೆ ಮೂರನೆಯದೊಂದು ಕ್ರಿಯೆ ಇದೆ. ಒಂದು ಗುಡಾಣ ಮಾನಾಕ್ಸೈಡ್, ಮೂರು ಗುಡಾಣ ಜಲಜನಕ ಕೂಡಿದರೆ ಒಂದು ಗುಡಾಣ ಮೀಥೇನ್, ಒಂದು ಗುಡಾಣ ನೀರಾವಿ ಆಗುತ್ತದೆ. ನಾಲ್ಕು ಎರಡಾಗುವ ಈ ಕ್ರಿಯೆಗೆ ಒತ್ತಡ ಬೆನ್ನು ತಟ್ಟುತ್ತದೆ. ಇದು ಶಾಖವನ್ನು ಬಿಡುವ ಕ್ರಿಯೆಯೂ ಹೌದು. ಆದ್ದರಿಂದ ಹೆಚ್ಚು ಒತ್ತಡ, ಕಡಮೆ ಕಾವು ಎರಡೂ ಸೇರಿದರೆ ಮೀಥೇನ್ ಹೆಚ್ಚುತ್ತದೆ, ಮುರಿದ ನೀರು ಮತ್ತೆ ನೀರೇ ಆಗುತ್ತದೆ. ಜರ್ಮನಿಯಲ್ಲಿ 1930ರ ದಶಕದಲ್ಲಿ ಬೆಳೆದ ಲುರ್ಗಿ ವಿಧಾನದಲ್ಲಿ 20-30 ವಾಯುಮಂಡಲದ ಒತ್ತಡದಲ್ಲಿ ಕಲ್ಲಿದ್ದಲಿನಿಂದ ತೆಗೆದ ಅನಿಲದಲ್ಲಿ ಮೀಥೇನಿನ ಪಾಲು ನೂರಕ್ಕೆ ಹತ್ತರ ಸುಮಾರಿಗೆ ಏರಿದ್ದು ಇದರಿಂದಲೇ.

ವೇಗದ ವಿಷಯದಲ್ಲಿ ಒತ್ತಡದ ನಡತೆ ಸ್ವಲ್ಪ ಬೇರೆ. ಆವಿಯನ್ನು ಒತ್ತಿ ತುಂಬಿದರೆ ಇದ್ದಲಿನ ಮೈಗೆ ತಾಗುವ ಕಣಗಳು ಹೆಚ್ಚಾಗಿ ಕ್ರಿಯೆ ಮೊದಮೊದಲು ಚುರುಕಾಗುತ್ತದೆ. ಆದರೆ ಇದ್ದಲಿನ ಮೈಮೇಲಿನ ಜಾಗ ಅನಂತವಲ್ಲ. ಅದು ತುಂಬಿದ ಮೇಲೆ ಎಷ್ಟು ಒತ್ತಿದರೂ ಪ್ರಯೋಜನ ಅಲ್ಪ. ಮೇಲಾಗಿ, ಹುಟ್ಟಿದ ಜಲಜನಕವೇ ಆ ಜಾಗವನ್ನು ಹಿಡಿದು ಕುಳಿತು ಹೊಸ ಆವಿಗೆ ಎಡೆಗೊಡುವುದಿಲ್ಲ.

ಹಾಗಿದ್ದರೂ ಒತ್ತಡದ ಯಂತ್ರಗಳನ್ನು ಏಕೆ ಕಟ್ಟುತ್ತಾರೆ? ಕಾರಣ ರಸಾಯನದ್ದಲ್ಲ, ವ್ಯವಹಾರದ್ದು. ಒತ್ತಿದ ಅನಿಲಕ್ಕೆ ಪಾತ್ರೆ ಸಣ್ಣದು ಸಾಕು. ಅನಿಲದಿಂದ ಮುಂದೆ ಮೆಥನಾಲ್, ಅಮೋನಿಯ ಮಾಡುವುದಿದ್ದರೆ ಅಲ್ಲಿ ಹೇಗೂ ಹೆಚ್ಚಿನ ಒತ್ತಡ ಬೇಕು. ಆಮೇಲೆ ಅನಿಲವನ್ನು ಒತ್ತುವುದಕ್ಕಿಂತ ಮೊದಲೇ ನೀರನ್ನು ನೀರಾಗಿರುವಾಗಲೇ ಪಂಪಿನಿಂದ ಒತ್ತುವುದು ಅಗ್ಗ. ಏಕೆಂದರೆ ಒಂದು ಲೀಟರು ನೀರು ಆವಿಯಾದರೆ ಸುಮಾರು 1,670 ಲೀಟರ್ ಜಾಗ ಹಿಡಿಯುತ್ತದೆ. ಸ್ವೀಡನ್ನಿನ ವೆರ್ನಾಮೊ ಎಂಬ ಊರಿನಲ್ಲಿ 1990ರ ದಶಕದಲ್ಲಿ ಸುಮಾರು 18 ವಾಯುಮಂಡಲದ ಒತ್ತಡದಲ್ಲಿ ಮರದ ಚೂರುಗಳನ್ನು ಅನಿಲವಾಗಿಸಿ ನೇರವಾಗಿ ಅನಿಲ ಟರ್ಬೈನಿಗೆ ಕೊಟ್ಟರು. ಜಲಜನಕವೇ ಗುರಿಯಾದವರು ಇದಕ್ಕೆ ಎದುರಾದ ದಾರಿ ಹಿಡಿದರು. ಆಸ್ಟ್ರಿಯದ ಗ್ಯುಸ್ಸಿಂಗ್ ಎಂಬಲ್ಲಿ ಈ ಶತಮಾನದ ಮೊದಲ ವರ್ಷಗಳಲ್ಲಿ ನಡೆಯಲು ತೊಡಗಿದ ಸ್ಥಾವರದಲ್ಲಿ ಹೆಚ್ಚಿನ ಒತ್ತಡವೇ ಇರಲಿಲ್ಲ. ಒಂದು ಪಾತ್ರೆಯಲ್ಲಿ ಕಾಯಿಸಿದ ಮರಳನ್ನು ಇನ್ನೊಂದಕ್ಕೆ ಹರಿಸಿ, ಅಲ್ಲಿ ಸುಮಾರು 850 ಡಿಗ್ರಿಯಲ್ಲಿ ಆವಿಯನ್ನು ದುಡಿಸುತ್ತಿದ್ದರು. ಅನಿಲದಲ್ಲಿ ಜಲಜನಕ ನೂರಕ್ಕೆ 40ರಷ್ಟು ಬರುತ್ತಿತ್ತು. ಹಳೆಯ ಸರದಿಯ ಉಪಾಯವೇ ಇಲ್ಲಿ ಮರಳಿನ ರೂಪದಲ್ಲಿ ಮರಳಿ ಬಂದಿತ್ತು.

ಒತ್ತಡವನ್ನು ಅತಿಗೆ ಒಯ್ದರೆ ನೀರಿನ ಜಾತಿಯೇ ಬದಲಾಗುತ್ತದೆ. 374 ಡಿಗ್ರಿ ಕಾವು, ಸುಮಾರು 218 ವಾಯುಮಂಡಲದ ಒತ್ತಡ ಇವೆರಡನ್ನೂ ದಾಟಿದ ನೀರು ದ್ರವವೂ ಅಲ್ಲ, ಆವಿಯೂ ಅಲ್ಲ. ಎಣ್ಣೆಯಂಥ ದ್ರವ್ಯಗಳನ್ನೂ ಅದು ಕರಗಿಸಿಕೊಳ್ಳುತ್ತದೆ; ಕುದಿಸುವ ಆ 540 ಕ್ಯಾಲೊರಿಯ ಮೆಟ್ಟಲೂ ಅಲ್ಲಿ ಇರುವುದಿಲ್ಲ. ತೀರ ಹಸಿಯಾದ ಸರಕನ್ನು, ಕೆರೆಯ ಕಳೆಯನ್ನು, ಸಕ್ಕರೆ ಕಾರ್ಖಾನೆಯ ಮಡ್ಡಿಯನ್ನು ಒಣಗಿಸದೆಯೇ ಅನಿಲವಾಗಿಸಲು ಇದು ದಾರಿ. ಜರ್ಮನಿಯ ಕಾರ್ಲ್ಸ್‌ರುಹೆಯಲ್ಲಿ ಇದರ ಪ್ರಯೋಗಗಳು ನಡೆದಿವೆ. ಆದರೆ ಆ ನೀರಿನಲ್ಲಿ ಉಪ್ಪುಗಳು ಕರಗದೆ ಕೊಳವೆ ಕಟ್ಟುತ್ತವೆ, ಲೋಹ ಸವೆಯುತ್ತದೆ. ಹಳ್ಳಿಯ ಕೈಗೆ ಎಟುಕುವ ಯಂತ್ರ ಇದಲ್ಲ.

ನಮ್ಮ ನಾಡಿನಲ್ಲೇ ನಡೆದ ಒಂದು ಕೆಲಸ ಈ ಎಲ್ಲ ಲೆಕ್ಕಕ್ಕೂ ಸಾಕ್ಷಿಯಾಗಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ದಾಸಪ್ಪನವರ ತಂಡ ಗಾಳಿಗೆ ಬದಲಾಗಿ ಆಮ್ಲಜನಕವನ್ನೂ ಆವಿಯನ್ನೂ ಕೂಡಿಸಿ ಗ್ಯಾಸಿಫೈಯರಿಗೆ ಬಿಟ್ಟಿತು. ಆಮ್ಲಜನಕ ಒಂದಿಷ್ಟು ಇಂಧನವನ್ನು ಉರಿಸಿ ಕಾವು ಕೊಡುತ್ತದೆ; ಆ ಕಾವಿನಲ್ಲಿ ಆವಿ ದುಡಿಯುತ್ತದೆ; ಸಾರಜನಕದ ಕಲಬೆರಕೆ ಇರುವುದಿಲ್ಲ. ಒಂದು ಕಿಲೋ ಒಣ ಸಸ್ಯದ್ರವ್ಯದಲ್ಲಿ ಇರುವ ಜಲಜನಕವೇ ಸುಮಾರು 60 ಗ್ರಾಂ. ಆದರೆ ಈ ವಿಧಾನದಲ್ಲಿ ಕಿಲೋ ಒಂದಕ್ಕೆ 100 ಗ್ರಾಂ ಜಲಜನಕ ದೊರೆಯಿತೆಂದು ಸಂಸ್ಥೆ 2022ರಲ್ಲಿ ತಿಳಿಸಿತು. ಇಲ್ಲದ 40 ಗ್ರಾಂ ಎಲ್ಲಿಂದ ಬಂತು? ನೀರಿನಿಂದ! ನೀರಿನ ತೂಕದಲ್ಲಿ ಒಂಬತ್ತನೆಯ ಒಂದು ಪಾಲು ಜಲಜನಕವಾದ್ದರಿಂದ, 40 ಗ್ರಾಂ ಪಡೆಯಲು ಕಡೆಯ ಪಕ್ಷ 360 ಗ್ರಾಂ ನೀರು ಮುರಿಯಬೇಕು. ಕಮ್ಮಾರನ ಬೊಗಸೆ ನೀರು ಇಲ್ಲಿ ಅಳತೆಯ ವಿದ್ಯೆಯಾಯಿತು. ಇದನ್ನು ದೊಡ್ಡದಾಗಿಸಿ ಬಸ್ಸುಗಳಿಗೆ ಜಲಜನಕ ಒದಗಿಸುವ ಯತ್ನದಲ್ಲಿ ಇಂಡಿಯನ್ ಆಯಿಲ್ ಸಂಸ್ಥೆ ಕೈಗೂಡಿಸಿತು.

ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನ ಬಳಿ 2001ರಲ್ಲಿ ಕೆಲಸ ಆರಂಭಿಸಿದ 4.5 ಮೆಗಾವಾಟ್ ವಿದ್ಯುತ್ ಸ್ಥಾವರ ನಮ್ಮವರಿಗೆ ಪರಿಚಿತ. ಕಬ್ಬಿನ ತರಗು, ತೆಂಗಿನ ಗರಿಗಳಂಥ ಹಗುರ ಇಂಧನದಿಂದ ನಡೆಯುವಂತೆ ಕಟ್ಟಿದ್ದು ಅದು. ಅಲ್ಲಿಯೂ ನೀರಿದೆ, ಬೆಂಕಿಯಿದೆ. ಆದರೆ ಅವು ಒಂದನ್ನೊಂದು ಮುಟ್ಟುವುದಿಲ್ಲ. ನೀರು ಕೊಳವೆಯೊಳಗೆ ಆವಿಯಾಗಿ ಟರ್ಬೈನನ್ನು ತಿರುಗಿಸಿ ಮತ್ತೆ ನೀರಾಗುತ್ತದೆ. ಅದೇ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಿಂದ ನೀರು ಮೇಲಿನಿಂದ ಬಿದ್ದು ಶಕ್ತಿ ಕೊಡುತ್ತಿದೆ. ಒಂದೆಡೆ ಬಿದ್ದು ದುಡಿಯುವ ನೀರು, ಒಂದೆಡೆ ಉಬ್ಬಿ ದುಡಿಯುವ ನೀರು. ಗ್ಯಾಸಿಫೈಯರಿನಲ್ಲಾದರೋ ತಾನೇ ಒಡೆದು ದುಡಿಯುವ ನೀರು. ಈ ಭೇದವನ್ನು ಮರೆತು ಎಲ್ಲವನ್ನೂ 'ತರಗಿನಿಂದ ಕರೆಂಟು' ಎಂದು ಒಂದೇ ಗಂಟಿಗೆ ಕಟ್ಟಬಾರದು.

ಕೊನೆಗೆ ಕೆಲವು ಎಚ್ಚರಿಕೆಯ ಮಾತುಗಳು. ಕಾವು ಹೆಚ್ಚಿದಷ್ಟೂ ಒಳ್ಳೆಯದೆಂದೆವಷ್ಟೆ, ಅದಕ್ಕೂ ಮಿತಿಯುಂಟು. ಕಬ್ಬಿನ ತರಗಿನ ಬೂದಿಯಲ್ಲಿ ಮರಳಿನ ಅಂಶವೂ ಪೊಟ್ಯಾಷೂ ಇರುತ್ತವೆ. ಪೊಟ್ಯಾಷು ಆವಿಯ ಕ್ರಿಯೆಗೆ ವೇಗ ಕೊಡುವ ಗುಣವುಳ್ಳದ್ದು. ಆದರೆ ಅತಿ ಕಾವಿನಲ್ಲಿ ಮರಳಿನೊಡನೆ ಕರಗಿ ಕಿಟ್ಟಗಟ್ಟಿ ಒಲೆಯ ಬಾಯಿ ಮುಚ್ಚುತ್ತದೆ. ಎರಡನೆಯದಾಗಿ, ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಪ್ರಾಣಾಂತಕ ವಿಷ. ಗ್ಯಾಸಿಫೈಯರನ್ನು ಮುಚ್ಚಿದ ಕೋಣೆಯಲ್ಲಿ ಎಂದೂ ಇಡಕೂಡದು. ನಡೆಸುವವನಿಗೆ ತಲೆನೋವು, ತಲೆಸುತ್ತು ಬಂದರೆ ಒಡನೆಯೇ ಬಯಲಿಗೆ ಬರಬೇಕು. ಮೂರನೆಯದಾಗಿ, ಅನಿಲವನ್ನು ತೊಳೆದು ತಣಿಸಿದ ನೀರಿನಲ್ಲಿ ಡಾಂಬರಿನ ನಂಜು ಇರುತ್ತದೆ. ಅದನ್ನು ಶುದ್ಧಿಮಾಡದೆ ಕೆರೆ ಕಾಲುವೆಗಳಿಗೆ ಬಿಟ್ಟರೆ ದೀಪ ಹೊತ್ತಿಸಿ ಬಾವಿ ಕೆಡಿಸಿದಂತಾಗುತ್ತದೆ. ನಾಲ್ಕನೆಯದಾಗಿ, ಗದ್ದೆಯ ತರಗನ್ನೆಲ್ಲ ಗುಡಿಸಿ ಮಾರಬಾರದು. ಮಣ್ಣಿಗೂ ಅದರಲ್ಲಿ ಪಾಲಿದೆ. ಸಾಲಿನ ನಡುವೆ ಹರಡಿದ ತರಗು ತೇವವನ್ನು ಕಾಯುತ್ತದೆ, ಕೊಳೆತು ಗೊಬ್ಬರವಾಗುತ್ತದೆ.

ಮಾರುವ ಪಾಲಿನ ವಿಷಯದಲ್ಲಿ ರೈತರು ತಿಳಿದಿರಬೇಕಾದದ್ದು ಇಷ್ಟು. ತೂಕದ ಲೆಕ್ಕದಲ್ಲಿ ಹಸಿ ತರಗು ಹೆಚ್ಚು ಹಣ ತರುವಂತೆ ಕಂಡೀತು. ಆದರೆ ಕೊಳ್ಳುವವನಿಗೆ ಬೇಕಾದದ್ದು ಶಾಖ. ಅರ್ಧ ನೀರಿರುವ ಕಿಲೋದಲ್ಲಿ ಅವನಿಗೆ ಸಿಗುವುದು ಒಣ ಕಿಲೋದ ಅರ್ಧಕ್ಕಿಂತಲೂ ಕಡಮೆ. ಆದ್ದರಿಂದ ಬೆಲೆಯನ್ನು ತೂಕದ ಜೊತೆಗೆ ಒಣಗಿರುವಿಕೆಯ ಮೇಲೂ ಕಟ್ಟುವುದು ಇಬ್ಬರಿಗೂ ನ್ಯಾಯ. ನಾಲ್ಕಾರು ದಿನದ ಬಿಸಿಲಿಗೆ ನಾವು ಹಣ ತೆರಬೇಕಾಗಿಲ್ಲ. ಒಲೆಯೊಳಗೆ ಸೌದೆಯನ್ನೇ ಸುಟ್ಟು ಓಡಿಸಬೇಕಾದ ನೀರನ್ನು ಅಂಗಳದ ಸೂರ್ಯ ಪುಕ್ಕಟೆಯಾಗಿ ಓಡಿಸಿಕೊಡುತ್ತಾನೆ. ಮೊದಲು ಬೇಡದ ನೀರನ್ನು ಹೊರಗೆ ಹಾಕಿ, ಕೆಂಡವನ್ನು ಚೆನ್ನಾಗಿ ಕಾಯಿಸಿ, ಆಮೇಲೆ ಬೇಕಾದಷ್ಟು ಆವಿಯನ್ನು ಅಳೆದು ಒಳಗೆ ಕರೆದರೆ, ನೀರೂ ಬೆಂಕಿಯ ಕೆಲಸಕ್ಕೆ ಕೈ ಹಚ್ಚುತ್ತದೆ.